ಉತ್ತರಕ್ಕೆಂದು ಬಿಟ್ಟ ಜಾಗ

ಭದ್ರಾವತಿಯ ನ್ಯೂ ಟೌನಿನ ಹೂವಿನ ಸಾಲಿನಲ್ಲಿ ಯಾರನ್ನು ಕೇಳಿದರೂ ಅದೇ ಕಥೆ ಹೇಳುತ್ತಾರೆ. ಪೊಲೀಸರು ಎದುರುಬದುರಾದ ಎರಡೂ ಮೆರವಣಿಗೆಯ ಮೈಕು ಬಂದ್ ಮಾಡಿಸಿದರು, ಆಗ ನನ್ನ ಅತ್ತೆಗೆ ಹೋಗಿದ್ದ ದನಿ ವಾಪಸ್ ಬಂತು, ಅವರು ನಡುರಸ್ತೆಯಲ್ಲಿ ನಿಂತು ಕೂಗಿದರು, ಇಡೀ ರಸ್ತೆ ಉತ್ತರ ಕೊಟ್ಟಿತು. ಕೆಲವರು ಇನ್ನೊಂದಿಷ್ಟು ಸೇರಿಸುತ್ತಾರೆ. ಅತ್ತೆಯ ಮೈಮೇಲೆ ದೇವಿ ಬಂದಿದ್ದಳಂತೆ, ಕಣ್ಣು ಕೆಂಪಗಾಗಿತ್ತಂತೆ, ಗಾಡಿಯ ಮೇಲಿನ ಸೇವಂತಿಗೆ ತಾನಾಗಿ ಉದುರಿತಂತೆ.

ಸೇವಂತಿಗೆ ಉದುರಿದ್ದು ನಿಜ. ನೂಕುನುಗ್ಗಲಿನಲ್ಲಿ ನನ್ನ ಮೊಣಕೈ ತಾಗಿ ಬುಟ್ಟಿ ಮಗುಚಿತ್ತು. ಕಣ್ಣು ಕೆಂಪಾಗಿದ್ದು ಬಿಸಿಲಿಗೆ. ಇನ್ನು ದನಿಯ ಮಾತು: ನಾನು ಅತ್ತೆಯ ತೋಳು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರ ಬಾಯಿಂದ ಯಾವ ಶಬ್ದವೂ ನನಗೆ ಕೇಳಿಸಲಿಲ್ಲ.

ಕಾನೂನು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟು: ಎದುರಾಳಿಯ ಮಾತಿನಲ್ಲಿ ಸುಳ್ಳು ಹುಡುಕುವ ಮುಂಚೆ ಅದರಲ್ಲಿರುವ ನಿಜವನ್ನು ಒಪ್ಪಿಕೊಂಡುಬಿಡಬೇಕು, ಆಮೇಲೆ ಹಗುರವಾಗುತ್ತದೆ. ಒಪ್ಪಿಕೊಂಡೆ. ರಸ್ತೆ ಉತ್ತರ ಕೊಟ್ಟಿತು. ನಾನೇ ಕೇಳಿದ್ದೇನೆ. ಯಾರಿಗೆ ಕೊಟ್ಟಿತು ಎಂಬುದಷ್ಟೇ ನನ್ನ ತಕರಾರು. ಆದರೆ ಒಪ್ಪಿಕೊಂಡ ಮೇಲೂ ಯಾಕೋ ಹಗುರವಾಗಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ನಾವಿರುವುದು ಶಿವಮೊಗ್ಗದ ವಿದ್ಯಾನಗರದಲ್ಲಿ. ಅತ್ತೆ ಭದ್ರಾವತಿಯಲ್ಲಿ. ಮಾವ ತೀರಿಕೊಂಡ ಮೇಲೆ ನ್ಯೂ ಟೌನಿನ ಮಾರ್ಕೆಟ್ ರಸ್ತೆಯ ಫುಟ್‌ಪಾತಿನಲ್ಲಿ ಹೂವಿನ ಗಾಡಿ ಇಟ್ಟುಕೊಂಡರು. ಆ ಸಾಲಿನಲ್ಲಿ ಹೂವು, ಹಣ್ಣು, ಸೊಪ್ಪಿನ ಗಾಡಿಗಳು ಎಷ್ಟೋ ಇದ್ದವು, ದನಿ ಇದ್ದದ್ದು ಮಾತ್ರ ಒಂದೇ. ಅತ್ತೆ "ಮಲ್ಲಿಗೇ" ಎಂದು ಎಳೆದರೆ ತಿರುವಿನಲ್ಲಿ ಬಸ್ಸಿನಿಂದ ಇಳಿಯುತ್ತಿದ್ದವರು ತಲೆ ಎತ್ತುತ್ತಿದ್ದರು. ಫುಟ್‌ಪಾತ್ ಖಾಲಿ ಮಾಡಿ ಎಂದು ಅಧಿಕಾರಿಗಳು ಬರತೊಡಗಿದಾಗ ಗಾಡಿಯವರೆಲ್ಲ ಸೇರಿ ಮೆರವಣಿಗೆ ಹೊರಟರು. ಘೋಷಣೆ ಕೂಗುವ ಕೆಲಸ ಯಾರೂ ಹೇಳದೆಯೇ ಅತ್ತೆಯ ಪಾಲಿಗೆ ಬಂತು.

"ಹೂವು ಕೂಗಿ ಮಾರೋಳಿಗೆ ನ್ಯಾಯ ಕೂಗಿ ಕೇಳೋದೇನು ಕಷ್ಟ ಮಾರಾಯ್ತಿ? ಎರಡಕ್ಕೂ ಅದೇ ಗಂಟ್ಲು," ಎನ್ನುತ್ತಿದ್ದರು.

"ಹೂವಿಗಾದ್ರೆ ಗಿರಾಕಿ ಬರ್ತಾರೆ ಅತ್ತೆ."

"ನ್ಯಾಯಕ್ಕೂ ಬರ್ತಾರೆ. ಚೌಕಾಸಿ ಜಾಸ್ತಿ, ಅಷ್ಟೇ."

ಆ ಗಂಟಲಲ್ಲೇ ಗೆಡ್ಡೆ ಎದ್ದಿತು. ಗೆಡ್ಡೆ ದನಿಯ ನರಗಳಿಗೆ ಸುತ್ತಿಕೊಂಡಿದೆ, ತೆಗೆಯಲೇಬೇಕು, ದನಿ ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದು ವೈದ್ಯರು ಮೊದಲೇ ಬಿಡಿಸಿ ಹೇಳಿದರು. ಅತ್ತೆ ಅಳಲಿಲ್ಲ. "ಹಂಗಾದ್ರೆ ಅದಕ್ಕೂ ಮುಂಚೆ ತುಂಬಿಸಿ ಇಟ್ಬಿಡೋಣ," ಎಂದರು, ಉಪ್ಪಿನಕಾಯಿಯ ಮಾತಾಡುವವರ ಹಾಗೆ.

ದನಿಯನ್ನು ತುಂಬಿಸಲು ಹೋದದ್ದು ಶಿವಮೊಗ್ಗದ ಒಂದು ಸೌಂಡ್ಸ್ ಅಂಗಡಿಗೆ. ಮೈಕು ಕಟ್ಟಿದ ಪ್ರಚಾರದ ಆಟೋಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅದು. ಚುನಾವಣೆ, ಸೀರೆ ಸೇಲು, ಗಣಪತಿ ವಿಸರ್ಜನೆ, ಹೋರಾಟ, ಯಾವುದಕ್ಕೆ ಹೋದರೂ ಆಟೋದ ಜೊತೆ ಅದಕ್ಕೆ ತಕ್ಕ ಧ್ವನಿಮುದ್ರಣ ಇರುವ ಪೆನ್‌ಡ್ರೈವನ್ನೂ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಆಟೋ, ಪೆನ್‌ಡ್ರೈವ್ ಎರಡೂ ಅಂಗಡಿಗೆ ವಾಪಸ್. ಹಿಂಭಾಗದಲ್ಲಿ ಗೋಡೆಗೆ ಹಳೆಯ ಹಾಸಿಗೆ ಬಿಗಿದ ಒಂದು ಸಣ್ಣ ಕೋಣೆ. ಬಾಗಿಲು ಹಾಕಿದರೆ ಬಿ.ಎಚ್. ರಸ್ತೆಯ ಗದ್ದಲ ಕತ್ತರಿಸಿದ ಹಾಗೆ ನಿಂತುಹೋಗುತ್ತಿತ್ತು. ನಮ್ಮದೇ ಕಿವಿಯೊಳಗಿನ ಗುಂಯ್ ಮಾತ್ರ ಉಳಿಯುತ್ತಿತ್ತು.

"ಅಕ್ಕಾ, ಉತ್ತರಕ್ಕೆ ಜಾಗ ಬಿಟ್ಟು ಕೂಗಿ," ಎಂದರು ಅಂಗಡಿಯವರು. "ಇಲ್ಲಾಂದ್ರೆ ಜನ ನಿಮ್ಮ ಮಾತಿನ ಮೇಲೇ ಕೂಗ್ತಾರೆ. ಎರಡೂ ಕೇಳಲ್ಲ."

ಅತ್ತೆಗೆ ಆ ಜಾಗವೇ ಸಿಗಲಿಲ್ಲ. ಒಮ್ಮೆ ಅವಸರವಾಗುತ್ತಿತ್ತು, ಒಮ್ಮೆ ಕಾದು ಕಾದು ಕೂಗುವುದೇ ಮರೆತುಹೋಗುತ್ತಿತ್ತು. ಕೊನೆಗೆ ರೇಗಿದರು. "ಎದುರಿಗೆ ಯಾರೂ ಇಲ್ದೆ ಹೆಂಗೆ ಕೂಗ್ಲಿ? ಈ ಹಾಸಿಗೆ ಹತ್ರ ನ್ಯಾಯ ಕೇಳ್ಲಾ?"

ಹಾಗಾಗಿ ನಾನು ಎದುರಿಗೆ ಕುಳಿತೆ. ಒಂದೇ ಷರತ್ತು: ಶಬ್ದ ಮಾಡುವಂತಿಲ್ಲ. ಅತ್ತೆ "ಏನು ಬೇಕು?" ಎಂದು ಕೂಗಿದರೆ ನಾನು "ನ್ಯಾಯ ಬೇಕು" ಎಂದು ಬರೀ ತುಟಿ ಆಡಿಸಬೇಕು. "ಯಾರಿಗೆ ಬೇಕು?" ಎಂದರೆ "ನಮಗೆ ಬೇಕು." "ಯಾವಾಗ ಬೇಕು?" ಎಂದರೆ "ಈಗಲೇ ಬೇಕು." ನನ್ನ ತುಟಿ ನಿಂತ ಕೂಡಲೇ ಅತ್ತೆ ಮುಂದಿನ ಕೂಗು ಹಿಡಿಯುತ್ತಿದ್ದರು. ನಾನು ವೇದಿಕೆಯ ಮೇಲೆ ದನಿ ಏರಿಸಿಯೇ ಬಹುಮಾನ ತಂದವಳು. ದನಿಯಿಲ್ಲದೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಮುಗಿಯುವಷ್ಟರಲ್ಲಿ ಗಂಟಲು ಒಣಗಿಹೋಗಿತ್ತು.

ಗಾಡಿ ಎಂದಾಗಲಿ ಫುಟ್‌ಪಾತ್ ಎಂದಾಗಲಿ ಆ ಕೂಗುಗಳಲ್ಲಿ ಎಲ್ಲೂ ಇಲ್ಲ. ಅದು ಅತ್ತೆಯದೇ ತೀರ್ಮಾನ. "ಇವತ್ತು ಗಾಡಿ, ನಾಳೆ ನಲ್ಲಿ ನೀರು. ಒಂದೊಂದಕ್ಕೂ ಹೊಸ ಗಂಟ್ಲು ಎಲ್ಲಿಂದ ತರ್ಲಿ?"

ಅಂಗಡಿಯವರು ಹೆಡ್‌ಫೋನು ಹಾಕಿಕೊಂಡು ಮೊದಲಿಂದ ಕೇಳಿದರು. ಒಂದು ಕಡೆ ಹುಬ್ಬು ಗಂಟಿಕ್ಕಿ ಹಿಂದಕ್ಕೆ ತಿರುಗಿಸಿದರು. "ಇಲ್ಲಿ ಯಾರೋ ಇದ್ದಾರೆ," ಎಂದರು.

ನಾನೂ ಕೇಳಿದೆ. ಅತ್ತೆಯ ಪ್ರತಿ ಕೂಗು ಮುಗಿದ ಮೇಲೆ ಖಾಲಿ ಜಾಗದ ಶುರುವಿನಲ್ಲಿ ಸಣ್ಣಗೆ, ಒಳಕ್ಕೆ ಎಳೆದ ಒಂದು ಉಸಿರು. ಯಾರೋ ಮಾತಾಡಲು ಹೊರಟು ತಡೆದುಕೊಂಡ ಹಾಗೆ. "ಅದು ನಾನೇ, ಉತ್ತರ ಹೇಳೋ ಮುಂಚೆ ಉಸಿರು ತಗೊಂಡಿದ್ದು," ಎಂದೆ. ಅಳಿಸಬೇಕೇ ಎಂದು ಕೇಳಿದರು. ಅತ್ತೆ ಕೈ ಆಡಿಸಿದರು: "ಇರ್ಲಿ ಬಿಡಿ. ಜೊತೆಗೊಬ್ಬಳು ಇದ್ದಂಗಾಯ್ತು."

ಆಪರೇಷನ್ ಆಯಿತು. ಗೆಡ್ಡೆ ಹೋಯಿತು, ವೈದ್ಯರು ಅಂಜಿದ್ದ ಹಾಗೆ ದನಿಯೂ ಹೋಯಿತು. ಉಳಿದದ್ದು ಗಾಳಿ ಮಾತ್ರ. ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದರೆ ಮಾತು ಗೊತ್ತಾಗುತ್ತಿತ್ತು. ಪಕ್ಕದ ಗಾಡಿಯ ಹೆಂಗಸು, ಮನೆಯಲ್ಲಿ ತಮಿಳು ಆಡುವವಳು, ಎರಡೂ ಗಾಡಿಗೆ ಸೇರಿಸಿ ಒಂದೇ ಕೂಗು ಹಾಕತೊಡಗಿದಳು. ಅತ್ತೆ ಹೂವು ಕಟ್ಟುತ್ತ ಸುಮ್ಮನೆ ಕೂರುತ್ತಿದ್ದರು.

ಅದಾದ ಮೇಲಿನ ಮೊದಲ ಮೆರವಣಿಗೆಗೆ ನಾನೂ ಹೋಗಿದ್ದೆ. ಮುಂದೆ ಆಟೋ, ಅದರ ನೆತ್ತಿಯ ಮೇಲೆ ಅಲ್ಯೂಮಿನಿಯಂ ಹಾರ್ನು, ಹಾರ್ನಿನಿಂದ ಅತ್ತೆಯ ತುಂಬು ದನಿ. ಆಟೋದ ಹಿಂದೆ ಕತ್ತಿಗೆ ಸೆರಗು ಸುತ್ತಿಕೊಂಡು ನಡೆಯುತ್ತಿದ್ದ ಅತ್ತೆ. "ಏನು ಬೇಕು?" ಎಂದಿತು ಹಾರ್ನು. ನಂತರ ಆ ಉಸಿರು. ಹೆಡ್‌ಫೋನಿನಲ್ಲಿ ಸಣ್ಣಗಿದ್ದದ್ದು ಹಾರ್ನಿನಲ್ಲಿ ಬುಸ್ ಎಂದು ದೊಡ್ಡದಾಗಿತ್ತು. ಅದನ್ನು ಕೇಳಿ ಜನರೆಲ್ಲ ಒಟ್ಟಿಗೇ ಎದೆ ತುಂಬಿಕೊಂಡರು, ಒಟ್ಟಿಗೇ ಕೂಗಿದರು. ಹಿಂದೆಂದೂ ಅಷ್ಟು ಒಂದೇ ದನಿಯಾಗಿ ಕೂಗಿದ್ದಿಲ್ಲ ಎಂದು ಎಲ್ಲರೂ ಮೆಚ್ಚಿದರು. ಅಷ್ಟು ಜನರ ಎದೆ ಏರಿಳಿದದ್ದು ನನ್ನ ಉಸಿರಿಗೆ.

"ಅಕ್ಕಾ, ಇದು ನಿಮ್ಮ ಕುರಲ್ ಅಲ್ವಾ? ಕೇಳಿದ್ರೆ ಅಳು ಬರತ್ತೆ," ಎಂದಳು ಪಕ್ಕದ ಗಾಡಿಯವಳು. ದನಿಗೆ ಅವಳ ತಮಿಳಿನಲ್ಲಿ ಕುರಲ್.

ಅತ್ತೆ ನನ್ನ ಕಿವಿಗೆ ಬಾಗಿ ಗಾಳಿಯಲ್ಲಿ ಹೇಳಿದರು: "ನಂಗೆ ಅಳು ಬರಲ್ಲ ಕಣೇ. ಯಾರೋ ಕರೆದಂಗಾಗತ್ತೆ. ಹೂಂ ಅನ್ಬೇಕು ಅನ್ಸತ್ತೆ."

ಆಮೇಲೆ ಆ ದನಿ ಊರೆಲ್ಲ ತಿರುಗತೊಡಗಿತು. ಶಿವಮೊಗ್ಗದಲ್ಲಿ ಹಾಸ್ಟೆಲ್ ಹುಡುಗಿಯರ ಮೆರವಣಿಗೆಯಲ್ಲಿ ಕೇಳಿದೆ. ಇನ್ನೊಮ್ಮೆ ಟ್ಯಾಕ್ಸಿ ಚಾಲಕರ ಧರಣಿಯಲ್ಲಿ. ಅಂಗಡಿಯವರು ಅದನ್ನು ಹೋರಾಟದ ಆಟೋದ ಜೊತೆಗೆ ಎಲ್ಲರಿಗೂ ಕೊಡುತ್ತಿದ್ದರು. ಅತ್ತೆಗೆ ಹೇಳಿದಾಗ ಹುಡುಗಿಯರ ವಿಷಯಕ್ಕೆ ಖುಷಿಪಟ್ಟರು, "ಹೋಗ್ಲಿ, ಎಲ್ಲಾದ್ರೂ ಒಂದು ಕಡೆ ದುಡೀತಿದೆಯಲ್ಲ," ಎಂದರು.

ಒಂದು ಮಧ್ಯಾಹ್ನ ವಿದ್ಯಾನಗರದ ನಮ್ಮ ಬೀದಿಯಲ್ಲಿ ಆ ಆಟೋ ಹೋಯಿತು. ಮುಂದೆ ಹಿಂದೆ ಮೆರವಣಿಗೆ ಏನೂ ಇರಲಿಲ್ಲ. ಚಾಲಕ ಮೈಕು ಪರೀಕ್ಷೆ ಮಾಡುತ್ತಿದ್ದಿರಬೇಕು. ಊಟ ಮುಗಿಸಿ ಎಲ್ಲರೂ ಮಲಗುವ ಹೊತ್ತು, ಬಿಸಿಲಿಗೆ ಬಿಳಿಚಿಕೊಂಡ ಖಾಲಿ ರಸ್ತೆ. "ಯಾರಿಗೆ ಬೇಕು?" ಎಂದು ಅತ್ತೆ ಆ ರಸ್ತೆಯನ್ನು ಕೇಳಿದರು. ನನ್ನ ಉಸಿರು. ಆಮೇಲೆ ಖಾಲಿ. ಕಿಟಕಿಯ ಹತ್ತಿರ ನಿಂತಿದ್ದ ನಾನು ನನ್ನ ತುಟಿ ಆಡುತ್ತಿರುವುದನ್ನು ಗಾಜಿನಲ್ಲಿ ನೋಡಿದೆ. ಆಗ ಎದುರು ಸಾಲಿನ ಮುಚ್ಚಿದ ಬಾಗಿಲೊಂದರ ಒಳಗಿಂದ, ನಿದ್ದೆಯಲ್ಲಿದ್ದವರ ದನಿಯಲ್ಲಿ, ಸ್ಪಷ್ಟವಾಗಿ ಕೇಳಿಸಿತು: "ನಮಗೆ ಬೇಕು."

ಇದನ್ನು ವಿವರಿಸುವುದು ಕಷ್ಟವಲ್ಲ. ಜಾಹೀರಾತಿನ ಸಾಲು ತಲೆಯಲ್ಲಿ ಕೂರುವ ಹಾಗೆಯೇ ಇದೂ ಕೂತಿದೆ. ಆ ಮನೆಯವರನ್ನು ಒಂದು ಮಾತು ಕೇಳಿಬಿಡಬಹುದಿತ್ತು. ಕೇಳಲಿಲ್ಲ.

ಇನ್ನು ಆ ದಿನದ ಸಂಗತಿ.

ಫುಟ್‌ಪಾತಿನ ಬಗ್ಗೆ ಅಧಿಕಾರಿಗಳ ತೀರ್ಮಾನ ಹತ್ತಿರ ಬಂದಿತ್ತು. ಗಾಡಿಯವರು ಮೆರವಣಿಗೆ ಇಟ್ಟುಕೊಂಡರು. ಅದೇ ದಿನ ಮಾರ್ಕೆಟ್ ರಸ್ತೆಯ ಅಂಗಡಿ ಮಾಲೀಕರೂ ಇಟ್ಟುಕೊಂಡರು, ಗಾಡಿಗಳನ್ನು ತೆಗೆಸಿ ಎಂದು. ಅವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಬಾಡಿಗೆ ಕಟ್ಟುವವರ ಬಾಗಿಲಿಗೆ ಗಾಡಿ ಅಡ್ಡ ನಿಂತರೆ ಅವರಾದರೂ ಏನು ಮಾಡಬೇಕು? ಚರ್ಚಾ ಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಆ ಪಕ್ಷ ಬಂದಿದ್ದರೆ ನಾನು ಅದನ್ನೂ ಗೆದ್ದುಕೊಡುತ್ತಿದ್ದೆ. ಆದರೆ ಈ ಜಗಳದಲ್ಲಿ ಚೀಟಿ ಎತ್ತುವ ಮಾತಿರಲಿಲ್ಲ. ಗಾಡಿ ಹೋದರೆ ಅತ್ತೆಯ ಅನ್ನ ಹೋಗುತ್ತಿತ್ತು.

ನಾವು ಬಸ್ ನಿಲ್ದಾಣದ ಕಡೆಯಿಂದ ಬಂದೆವು. ಎದುರು ಬದಿಯಿಂದ ಅವರ ಆಟೋ ಸರ್ಕಲ್ಲಿಗೆ ತಿರುಗಿತು. ಮೊದಲು ಅದರ ಹಾರ್ನು ಕಾಣಿಸಿತು, ಆಮೇಲೆ ದನಿ ಕೇಳಿಸಿತು.

"ಏನು ಬೇಕು?"

ಅತ್ತೆಯದೇ ದನಿ. ನಮ್ಮ ಜನ ಅದು ಗೋಡೆಗೆ ತಾಗಿ ಬಂದ ನಮ್ಮದೇ ಕೂಗು ಎಂದುಕೊಂಡರು. ಆದರೆ ಆ ಕಡೆಯ ಜನ "ನ್ಯಾಯ ಬೇಕು" ಎಂದು ಉತ್ತರ ಕೊಟ್ಟರು. ಒಂದೇ ಅಂಗಡಿಯ ಎರಡು ಆಟೋ, ಒಂದೇ ಧ್ವನಿಮುದ್ರಣದ ಎರಡು ಪ್ರತಿ. ಅವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆಟೋ ಬೇಕೆಂದು ಹೇಳಿದ್ದರು, ಆಟೋದಲ್ಲಿ ಯಾವ ದನಿ ಇದೆ ಎಂದು ಯಾರು ನೋಡುತ್ತಾರೆ?

ಎರಡೂ ಒಂದೇ ಹೊತ್ತಿಗೆ ಶುರುವಾದದ್ದಲ್ಲ. ಹಾಗಾಗಿ ಈ ಆಟೋ ಉತ್ತರಕ್ಕೆ ಬಿಟ್ಟ ಜಾಗದಲ್ಲಿ ಆ ಆಟೋದ ಕೂಗು ಬಂದು ಬೀಳುತ್ತಿತ್ತು. "ಏನು ಬೇಕು?" ಎಂದು ಕೇಳಿದರೆ ಉತ್ತರದ ಜಾಗದಲ್ಲಿ "ಯಾರಿಗೆ ಬೇಕು?" ಮುಂದೆ "ಯಾರಿಗೆ ಬೇಕು?" ಎಂದರೆ "ಯಾವಾಗ ಬೇಕು?" ಒಬ್ಬಳೇ ಹೆಂಗಸು ರಸ್ತೆಯ ಎರಡು ತುದಿಯಲ್ಲಿ ನಿಂತು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಅವಳು ಕೇಳುತ್ತಿದ್ದಳೇ ಹೊರತು ಎಲ್ಲೂ ಉತ್ತರ ಹೇಳುತ್ತಿರಲಿಲ್ಲ. ಎರಡರ ನಡುವೆ, ಯಾವ ಕಡೆಯದೆಂದು ತಿಳಿಯದ ಹಾಗೆ, ನನ್ನ ಉಸಿರು.

ಆ ಕಡೆಯ ಮೊದಲ ಸಾಲಿನಲ್ಲಿ ಪಾತ್ರೆ ಅಂಗಡಿಯವರಿದ್ದರು. ದಿನಾ ಬೆಳಿಗ್ಗೆ ಗಲ್ಲಾದ ಮೇಲಿನ ದೇವರ ಪಟಕ್ಕೆ ಅತ್ತೆಯ ಹತ್ತಿರವೇ ಹೂವು ಕೊಳ್ಳುವವರು. ಮುಷ್ಟಿ ಎತ್ತಿ "ನಮಗೆ ಬೇಕು" ಎಂದು ಕೂಗುತ್ತಿದ್ದವರು ಅತ್ತೆಯ ಮುಖ ನೋಡಿದರು, ಹಾರ್ನು ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು. ಮುಷ್ಟಿ ಅರ್ಧಕ್ಕೆ ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ.

ಅತ್ತೆಯ ಉಗುರು ನನ್ನ ಮಣಿಕಟ್ಟಿಗೆ ಚುಚ್ಚಿತು. ಕಿವಿ ಕೊಟ್ಟೆ.

"ನನ್ನ ಗಾಡಿ ತೆಗೀರಿ ಅಂತ ನಾನೇ ಕೂಗ್ತಿದೀನಲ್ಲೇ," ಎಂದಿತು ಆ ಗಾಳಿ.

ಪೊಲೀಸರು ಬಂದು ಎರಡೂ ಆಟೋದ ಮೈಕು ಆರಿಸಿದರು. ಸದ್ದು ಒಮ್ಮೆಲೇ ನಿಂತಿತು. ಅಂಗಡಿಯ ಆ ಹಾಸಿಗೆ ಕೋಣೆಯ ಬಾಗಿಲು ಹಾಕಿದ ಹಾಗೆ.

ಆಗ ಜನ ಕೂಗಿದರು: "ನ್ಯಾಯ ಬೇಕು."

ಯಾರೂ ಕೇಳಿರಲಿಲ್ಲ. ನಗು ಬರಬಹುದೆಂದು ಕಾದೆ, ಯಾರೂ ನಗಲಿಲ್ಲ. ಒಂದು ಕೂಗು ಹಿಡಿಯುವಷ್ಟು ಮೌನ. ಮತ್ತೆ: "ನಮಗೆ ಬೇಕು." ಮತ್ತೆ ಮೌನ. "ಈಗಲೇ ಬೇಕು." ಪೊಲೀಸರ ಪೈಕಿ ಒಬ್ಬರು ಆಟೋದ ಬಳಿ ಹೋಗಿ ಮೈಕು ನಿಜವಾಗಿ ಆರಿದೆಯೇ ಎಂದು ಬಗ್ಗಿ ನೋಡಿದರು. ಆರಿತ್ತು. ಅತ್ತೆಯ ಕಡೆ ತಿರುಗಿದೆ. ಸೆರಗು ಜಾರಿತ್ತು. ಗಂಟಲಿನ ಹೊಲಿಗೆಯ ಗುರುತು ಮೇಲೆ ಕೆಳಗೆ ಆಡುತ್ತಿತ್ತು. ತುಟಿಯೂ ಆಡುತ್ತಿತ್ತು.

ಅಭ್ಯಾಸಬಲ ಎಂದು ಹೇಳಿ ಮುಗಿಸಬಹುದು. ಮೊದಮೊದಲು ನಾನೂ ಹಾಗೇ ಹೇಳುತ್ತಿದ್ದೆ. ಸೌಂಡ್ಸ್ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದು ಗೆಳತಿಯರಿಗೆ ಅದೇ ಧ್ವನಿಮುದ್ರಣ ಕೇಳಿಸಿ ನಡುವೆ ನಿಲ್ಲಿಸಿ ನೋಡಿದೆ. ಅವರೂ ಒಮ್ಮೆ ಸುಮ್ಮನೆ ಉತ್ತರ ಕೊಟ್ಟು ಆಮೇಲೆ ನಕ್ಕರು. ಆದರೆ ನನ್ನ ವಾದಕ್ಕೆ ನಾನೇ ಎದುರಾಳಿಯಾಗಿ ನಿಂತರೆ ಒಂದು ಕಡೆ ಅದು ಮುರಿಯುತ್ತದೆ. ಮೈಕು ಇದ್ದಾಗ ಎರಡು ಗುಂಪಿನ ಲಯ ಬೇರೆ ಬೇರೆ ಇತ್ತು. ಒಬ್ಬರು ಕೂಗುವಾಗ ಇನ್ನೊಬ್ಬರು ಕಾಯುತ್ತಿದ್ದರು. ಬರೀ ಅಭ್ಯಾಸವಾಗಿದ್ದರೆ ಆರಿದ ಮೇಲೂ ಹಾಗೇ ಹಿಂದೆ ಮುಂದೆ ಬರಬೇಕಿತ್ತು. ಬರಲಿಲ್ಲ. ರಸ್ತೆಯ ಎರಡೂ ಬದಿ ಒಂದೇ ಸಲಕ್ಕೆ ಕೂಗಿತು. ಎರಡು ಗುಂಪಿಗೂ ಒಟ್ಟಿಗೆ ಏನೋ ಕೇಳಿಸಿರಬೇಕು. ಏನು? ಅತ್ತೆಯ ಗಂಟಲಿಂದ ಶಬ್ದ ಬರಲಿಲ್ಲ. ನಾನು ಉಸಿರು ಎಳೆದುಕೊಂಡೆನೋ ಇಲ್ಲವೋ ನೆನಪಿಲ್ಲ. ಎಳೆದುಕೊಂಡಿದ್ದರೂ ಅಷ್ಟು ದೂರ ಕೇಳಿಸುವಂಥದ್ದೇ?

ಎಷ್ಟು ಹೊತ್ತಿಗೋ ಅದು ತಾನಾಗಿ ಕರಗಿತು. ಜನ ಒಬ್ಬರ ಮುಖ ಒಬ್ಬರು ನೋಡದೆ ಚದುರಿದರು. ಹೋಗುವಾಗ ಪಾತ್ರೆ ಅಂಗಡಿಯವರು ಅತ್ತೆಯ ಹತ್ತಿರ ಬಂದರು. "ನಾಳೆ ಹೂವು ತರ್ತೀರಲ್ಲ ಅಕ್ಕಾ?" ಎಂದು ಕೇಳಿದರು. ಅತ್ತೆ ತಲೆ ಆಡಿಸಿದರು. ತೀರ್ಮಾನವನ್ನು ಅಧಿಕಾರಿಗಳು ಮುಂದಕ್ಕೆ ಹಾಕಿದ್ದಾರೆ. ಗಾಡಿ ಸದ್ಯ ಅಲ್ಲೇ ಇದೆ. ಗಾಡಿಯವರು ಇನ್ನೊಮ್ಮೆ ಹೊರಡುವವರಿದ್ದಾರೆ.

ಇವತ್ತು ಬೆಳಿಗ್ಗೆ ಅತ್ತೆ ಶಿವಮೊಗ್ಗಕ್ಕೆ ಬಂದರು. ನೇರ ಸೌಂಡ್ಸ್ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ಸಮರ್ಥಿಸಿಕೊಂಡರು: "ಅದರಲ್ಲಿ ಯಾರ ಹೆಸರೂ ಇಲ್ವಲ್ಲಮ್ಮಾ. ಮೈಕ್ ಕೊಟ್ಟಂಗೆ ಅದನ್ನೂ ಕೊಟ್ಟೆ." ಆಮೇಲೆ ಅತ್ತೆಯ ಮುಖ ನೋಡಿ ದನಿ ಇಳಿಸಿದರು. "ತಪ್ಪಾಯ್ತು ಅಕ್ಕಾ. ಎಲ್ಲಾ ಪ್ರತಿ ನನ್ನ ಹತ್ರಾನೇ ಇದೆ. ಹೇಳಿ, ಇನ್ಮೇಲೆ ನಿಮ್ಮವರಿಗೆ ಮಾತ್ರ ಕೊಡ್ತೀನಿ. ಇಲ್ಲಾಂದ್ರೆ ಈಗ್ಲೇ ಎಲ್ಲಾ ಅಳಿಸ್ತೀನಿ. ಅಳಿಸಿದ್ರೆ ಮತ್ತೆ ಬರಲ್ಲ ಅಷ್ಟೇ."

ಮತ್ತೆ ತುಂಬಿಸಲು ದನಿಯಿಲ್ಲ. ಅತ್ತೆ ಭದ್ರಾವತಿಯಿಂದ ಹೊರಡುವಾಗಲೇ ಪಕ್ಕದ ಗಾಡಿಯವಳು ಅವರ ಕೈ ಹಿಡಿದು ಹೇಳಿದ್ದಳು: "ಅಳಿಸ್ಬೇಡಿ ಅಕ್ಕಾ. ನನ್ನ ಕುರಲ್‌ಗೆ ಗಿರಾಕಿ ಬರ್ತಾರೆ, ಜನ ಬರಲ್ಲ." ಅಂಗಡಿಗೆ ಬರುವ ಸಿಟಿ ಬಸ್ಸಿನಲ್ಲಿ ನಾನು ಎರಡೂ ಪಕ್ಷ ವಾದಿಸಿದ್ದೆ. ಒಂದು ಪ್ರತಿಯನ್ನು ಮನೆಗೆ ತಂದಿಟ್ಟುಕೊಂಡು ಉಳಿದದ್ದನ್ನು ಅಳಿಸೋಣ ಎಂದೂ ಹೇಳಿ ನೋಡಿದ್ದೆ. ಅತ್ತೆ ಬೇಡವೆಂದರು. ಹಿಂದೊಮ್ಮೆ ಮೊಬೈಲಿನಲ್ಲಿ ಹಾಕಿಕೊಂಡು ಮನೆಯಲ್ಲಿ ಕೇಳಿದ್ದರಂತೆ, ಕೇಳಿದ ಕೂಡಲೇ ಅದರಿಂದ ಅಳಿಸಿದ್ದರಂತೆ. "ಯಾರಿಗೆ ಬೇಕು ಅಂತ ಕೇಳ್ತು. ಮನೇಲಿ ನಾನೊಬ್ಳೇ. ಬಾಯಿ ತೆಗೆದೆ, ಏನೂ ಬರ್ಲಿಲ್ಲ. ಅದು ಸುಮ್ನೆ ಕಾಯ್ತು ಕಣೇ. ಒಳಗೆ ಇನ್ಯಾರೋ ಉಸಿರು ಎಳ್ಕೊಂಡ್ರು."

"ಅದು ನಾನು ಅತ್ತೆ."

"ಗೊತ್ತು," ಎಂದರು. ಗೊತ್ತಿದ್ದವರ ಮುಖವಾಗಿರಲಿಲ್ಲ ಅದು.

ಈಗ ಕೋಣೆಯ ಬಾಗಿಲು ಹಾಕಿದೆ. ಅಂದು ನಾನು ಕೂತಿದ್ದ ಕುರ್ಚಿಯಲ್ಲಿ ಇಂದು ಅತ್ತೆ ಕೂತಿದ್ದಾರೆ. ಕೊನೆಯ ಸಲ ಒಮ್ಮೆ ಹಾಕಿ ಎಂದು ಕೈಸನ್ನೆ ಮಾಡಿದರು. ದನಿ ಕೋಣೆ ತುಂಬಿತು, ಉತ್ತರದ ಜಾಗ ಬಂತು. ಅತ್ತೆಯ ಗಂಟಲಿನ ಗುರುತು ಆಡಿತು. ಅಂಗಡಿಯವರು ಬೆರಳನ್ನು ಮೌಸಿನ ಮೇಲೆ ಇಟ್ಟುಕೊಂಡೇ ನನ್ನ ಕಡೆ ನೋಡಿದರು. ಅತ್ತೆಯೂ ನನ್ನನ್ನೇ ನೋಡಿದರು, ನೀನು ಹೇಳು ಎನ್ನುವ ಹಾಗೆ.

ನಾನು ಹೇಳಬಾರದು. ನನಗೆ ಗೊತ್ತಾಗಬೇಕಾದದ್ದು ಒಂದೇ ಇದೆ. ಆ ದಿನ ಸರ್ಕಲ್ಲಿನಲ್ಲಿ ಅತ್ತೆಯ ತುಟಿ ಆಡಿದ್ದನ್ನು ನೋಡಿದೆ. ಜನ ಕೂಗುವ ಮುಂಚೆ ಆಡಿತೋ, ಜನರ ಜೊತೆಗೇ ಆಡಿತೋ ನೋಡಲಿಲ್ಲ. ಮುಂಚೆ ಆಡಿದ್ದರೆ, ದನಿ ಇರಲಿ ಬಿಡಲಿ, ಜನ ಇವರಿಗೇ ಉತ್ತರ ಕೊಟ್ಟರು. ಆಗ ಈ ಕಂಪ್ಯೂಟರ್ ಪೆಟ್ಟಿಗೆಯೊಳಗಿರುವುದು ನಮಗೆ ಬೇಕಿಲ್ಲ, ಅಳಿಸಬಹುದು. ಜೊತೆಗೆ ಆಡಿದ್ದರೆ ಅತ್ತೆಯೂ ನಮ್ಮೆಲ್ಲರ ಹಾಗೆ ಇನ್ಯಾರಿಗೋ ಓಗೊಡುತ್ತಿದ್ದರು. ಆಗ ಇಲ್ಲಿ ಏನನ್ನು ಅಳಿಸಿದರೂ ಅದು ಅಳಿಸಿಹೋಗುತ್ತದೆ ಎಂಬ ಧೈರ್ಯ ನನಗಿಲ್ಲ.

ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿಯನ್ನು ಅವರ ಬಾಯಿಗೆ ಹತ್ತಿರ ಒಯ್ದು ಕೇಳಿದೆ:

"ಅತ್ತೆ, ಅವತ್ತು ನೀವು ಕೂಗ್ತಿದ್ರಾ, ಉತ್ತರ ಕೊಡ್ತಿದ್ರಾ?"